ಸ್ಟೀರಿಂಗ್ ಹಿಡಿಯಬೇಕಾ, ಕೋಡ್ ಬರೆಯಬೇಕಾ? ರೇಸಿಂಗ್ ಆಸೆ ಇರುವ ಬೆಂಗಳೂರಿನ ಮಕ್ಕಳಿಗೆ

ಯುಗಾದಿ ದಿನ ಮಧ್ಯಾಹ್ನ ರಾಜಾಜಿನಗರದ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಒಬ್ಬಟ್ಟಿಗೆ ತುಪ್ಪ ಹಾಕುತ್ತಾ ಅಕ್ಕ, "ಇವನಿಗೆ ನೀನಾದ್ರೂ ಸ್ವಲ್ಪ ಹೇಳೋ. ರೇಸ್ ಡ್ರೈವರ್ ಆಗ್ತೀನಿ ಅಂತ ಕೂತಿದ್ದಾನೆ" ಎಂದಳು. ಅವಳ ಮಗ ಸೆಕೆಂಡ್ ಪಿಯು ಪರೀಕ್ಷೆ ಮುಗಿಸಿ ಸಿಇಟಿಗೆ ಓದುತ್ತಿದ್ದ. ಎಲೆಯಿಂದ ತಲೆ ಎತ್ತಿ, "ಮಾಮ, ಡ್ರೈವರ್ ಆಗೋಕೆ ಲೇಟ್ ಆಗಿದ್ರೆ ಡ್ರೈವರ್ ಇಲ್ಲದ ರೇಸ್ ಕಾರಿಗೆ ಸಾಫ್ಟ್‌ವೇರ್ ಬರೀತೀನಿ. ಎರಡರಲ್ಲಿ ಯಾವುದಕ್ಕೆ ಹೋಗ್ಲಿ, ನೀವೇ ಹೇಳಿ" ಅಂದ.

ನಾನು ಇದೇ ಊರಿನಲ್ಲಿ ಕಾರುಗಳ ಸಾಫ್ಟ್‌ವೇರ್ ಕೆಲಸ ಮಾಡುವವನು. ಶನಿವಾರ ಸಂಜೆ ಎಂಜಿನಿಯರಿಂಗ್ ಕಾಲೇಜಿನ ಮಕ್ಕಳ ಜೊತೆ ಕೂತು ಪುಟ್ಟ ಡ್ರೈವರ್‌ಲೆಸ್ ಕಾರು ಓಡಿಸುತ್ತೇನೆ. ತಿಂಗಳಿಗೊಂದು ಭಾನುವಾರ ಕಾರ್ಟಿಂಗ್ ಟ್ರ್ಯಾಕಿಗೆ, ಅಂದರೆ ಕಾರ್ಟ್ ಎಂಬ ಪುಟ್ಟ ರೇಸ್ ಗಾಡಿ ಓಡಿಸುವ ಕಡೆಗೆ, ಹೋಗುತ್ತೇನೆ. ಅಕ್ಕನ ಮಗ ಕೇಳಿದ ಪ್ರಶ್ನೆಯನ್ನೇ ಈ ಎರಡೂ ಕಡೆ ಮಕ್ಕಳು ಕೇಳುತ್ತಾರೆ, ಅಪ್ಪ ಅಮ್ಮಂದಿರೂ ಕೇಳುತ್ತಾರೆ. ಅದಕ್ಕೇ ಅವನಿಗೆ ಹೇಳಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಹದಿನೇಳು ದಾಟಿರುವ, ಮನೆಯಲ್ಲಿ ಕೋಟಿಗಟ್ಟಲೆ ದುಡ್ಡಿಲ್ಲದ ಮಕ್ಕಳಿಗೆ ಡ್ರೈವರ್‌ಲೆಸ್ ದಾರಿಯೇ ಸರಿ. ಆದರೆ ಆ ದಾರಿಗೆ ಹೋಗುವವರೂ ಮೊದಲು ಸ್ಟೀರಿಂಗ್ ಹಿಡಿಯಲೇಬೇಕು. ಈ ಎರಡನೇ ಮಾತನ್ನು ಜಾಸ್ತಿ ಜನ ಕಿವಿಗೆ ಹಾಕಿಕೊಳ್ಳುವುದಿಲ್ಲ. ನನಗೆ ಅದೇ ಮುಖ್ಯ.

ಪೈಪೋಟಿ ನಡೆಯುವುದು ಎಲ್ಲಿ

ಎರಡೂ ರೇಸೇ, ಆದರೆ ಪೈಪೋಟಿ ನಡೆಯುವ ಜಾಗ ಬೇರೆ.

ಫಾರ್ಮುಲಾ ಒನ್‌ನಲ್ಲಿ ಡ್ರೈವರ್ ಬೇರೆ ಸಹಾಯ ಇಲ್ಲದೆ ಒಬ್ಬನೇ ಕಾರು ಓಡಿಸಬೇಕು ಎಂದು ನಿಯಮದಲ್ಲೇ ಬರೆದಿದೆ. 1994ರಲ್ಲಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ನಿಲ್ಲದಂತೆ ತಡೆಯುವುದು), ಟ್ರ್ಯಾಕ್ಷನ್ ಕಂಟ್ರೋಲ್ (ಚಕ್ರ ಹಿಡಿತ ತಪ್ಪಿ ಸುಮ್ಮನೆ ಸುತ್ತದಂತೆ ತಡೆಯುವುದು), ಆಕ್ಟಿವ್ ಸಸ್ಪೆನ್ಷನ್ (ಕಂಪ್ಯೂಟರ್ ಹೊಂದಿಸುವ ಸಸ್ಪೆನ್ಷನ್) ಎಲ್ಲವನ್ನೂ ತೆಗೆದುಹಾಕಿದರು. ಟ್ರ್ಯಾಕ್ಷನ್ ಕಂಟ್ರೋಲ್ 2001ರಲ್ಲಿ ವಾಪಸ್ ಬಂತು, 2008ರಿಂದ ಮತ್ತೆ ನಿಂತುಹೋಯಿತು. ಯೋಚಿಸಿ ನೋಡಿ, ನಮ್ಮ ಬೀದಿಯಲ್ಲಿ ನಿಂತಿರುವ ಸಣ್ಣ ಕಾರಿಗೂ ಎಬಿಎಸ್ ಇದೆ, ಫಾರ್ಮುಲಾ ಒನ್ ಕಾರಿಗೆ ಇಲ್ಲ. ಬ್ರೇಕ್ ಪೆಡಲನ್ನು ಎಷ್ಟು ಒತ್ತಬೇಕು, ಯಾವಾಗ ಸಡಿಲ ಬಿಡಬೇಕು ಅನ್ನುವುದು ಡ್ರೈವರ್‌ನ ಕಾಲಿಗೇ ಗೊತ್ತಿರಬೇಕು. ಜನ ನೋಡಲು ಬರುವುದೇ ಅದನ್ನು.

ಡ್ರೈವರ್‌ಲೆಸ್ ರೇಸಿನಲ್ಲಿ ಇದು ಪೂರ್ತಿ ತಿರುಗುಮುರುಗು. ಇಂಡಿ ಅಟಾನಮಸ್ ಚಾಲೆಂಜ್ ಎಂಬ ಅಮೆರಿಕದ ಸ್ಪರ್ಧೆಯಲ್ಲಿ ಎಲ್ಲ ತಂಡಗಳಿಗೂ ಡಲ್ಲಾರಾ ಕಂಪನಿಯ ಒಂದೇ ಮಾದರಿಯ ಕಾರು. ಅಬುಧಾಬಿಯ ಎ2ಆರ್‌ಎಲ್ ಲೀಗ್‌ನಲ್ಲಿ ಜಪಾನಿನ ಸೂಪರ್ ಫಾರ್ಮುಲಾ ಕಾರನ್ನೇ ಬದಲಾಯಿಸಿ ಎಲ್ಲರಿಗೂ ಕೊಡುತ್ತಾರೆ. ಎಂಜಿನ್ ಒಂದೇ, ಟೈರ್ ಒಂದೇ, ಸೆನ್ಸರ್ ಒಂದೇ. ಬೇರೆ ಇರುವುದು ಕೋಡ್ ಮಾತ್ರ. ರೇಸಿನ ದಿನ ತಂಡದವರು ಪರದೆ ಮುಂದೆ ಕೈಕಟ್ಟಿ ನಿಂತಿರುತ್ತಾರೆ. ಅವರ ರೇಸು ಆ ಹೊತ್ತಿಗೆ ಮುಗಿದೇ ಹೋಗಿರುತ್ತದೆ, ತಿಂಗಳುಗಟ್ಟಲೆ ರಾತ್ರಿ ಕೂತು ಬರೆದ ಕೋಡ್‌ನಲ್ಲಿ.

ಹಾಗಾಗಿ "ಯಾವುದು ದೊಡ್ಡದು" ಎಂಬ ಪ್ರಶ್ನೆ ಬೇಡ. ಎದೆ ಡವಗುಟ್ಟುವಾಗಲೂ ಸರಿಯಾಗಿ ಯೋಚಿಸುವುದು ನಿಮಗೆ ಇಷ್ಟವಾ, ಆರು ತಿಂಗಳು ಒಂದೇ ತಪ್ಪಿನ ಬೆನ್ನು ಹತ್ತುವುದು ಇಷ್ಟವಾ? ಮೊದಲು ಇದನ್ನು ಕೇಳಿಕೊಳ್ಳಿ.

ಟ್ರ್ಯಾಕ್ ಮೇಲೆ ಯಾರು ಮುಂದೆ

ಸ್ವಲ್ಪ ಹಿಂದಕ್ಕೆ ಹೋಗೋಣ. 2004ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಡಾರ್ಪಾ ಸಂಸ್ಥೆ ಮರುಭೂಮಿಯಲ್ಲಿ ಡ್ರೈವರ್ ಇಲ್ಲದ ಗಾಡಿಗಳ ಓಟ ಇಟ್ಟಿತು. ಸುಮಾರು 240 ಕಿಲೋಮೀಟರ್ ದಾರಿ. ಒಂದೇ ಒಂದು ಗಾಡಿಯೂ ಗುರಿ ಮುಟ್ಟಲಿಲ್ಲ. ಎಲ್ಲರಿಗಿಂತ ಮುಂದೆ ಹೋದದ್ದೂ 12 ಕಿಲೋಮೀಟರ್ ದಾಟಲಿಲ್ಲ. ಮರುವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 'ಸ್ಟ್ಯಾನ್ಲಿ' ಏಳು ಗಂಟೆಯೊಳಗೆ ಓಟ ಮುಗಿಸಿ 20 ಲಕ್ಷ ಡಾಲರ್ ಬಹುಮಾನ ಗೆದ್ದಿತು. 2010ರಲ್ಲಿ ಅದೇ ವಿಶ್ವವಿದ್ಯಾಲಯದ 'ಶೆಲ್ಲಿ' ಎಂಬ ಆಡಿ ಟಿಟಿಎಸ್ ಕಾರು ಪೈಕ್ಸ್ ಪೀಕ್ ಬೆಟ್ಟ ಹತ್ತಿತು. ಹಿಡಿದ ಸಮಯ 27 ನಿಮಿಷ. ಪಳಗಿದ ಡ್ರೈವರ್ ಅಂಥ ಕಾರಿನಲ್ಲಿ ಸುಮಾರು 17 ನಿಮಿಷಕ್ಕೆ ಹತ್ತುತ್ತಿದ್ದ ಎಂದು ಆಗ ಲೆಕ್ಕ ಹಾಕಿದ್ದರು.

ನಿಜವಾದ ರೇಸ್ ಕಾರಿಗೆ ಬಂದದ್ದು 2021ರ ಅಕ್ಟೋಬರ್‌ನಲ್ಲಿ. ಇಂಡಿಯಾನಾಪೊಲಿಸ್ ಟ್ರ್ಯಾಕಿನಲ್ಲಿ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ (ಟಿಯುಎಂ) ತಂಡ ಗಂಟೆಗೆ ಸುಮಾರು 218 ಕಿಲೋಮೀಟರ್ ಸರಾಸರಿಯಲ್ಲಿ ಎರಡು ಲ್ಯಾಪ್ ಓಡಿಸಿ 10 ಲಕ್ಷ ಡಾಲರ್ ಗೆದ್ದಿತು. ಆದರೆ ಅವತ್ತು ಟ್ರ್ಯಾಕಿನ ಮೇಲೆ ಒಂದು ಸಲಕ್ಕೆ ಒಂದೇ ಕಾರು. ಮೂರು ತಿಂಗಳ ನಂತರ ಲಾಸ್ ವೇಗಸ್‌ನಲ್ಲಿ ಎರಡೆರಡು ಕಾರು ಒಟ್ಟಿಗೆ ಬಿಟ್ಟರು. ಮಿಲಾನ್‌ನ ಪೊಲಿಮೂವ್ ತಂಡದ ಕಾರು 270 ಕಿಲೋಮೀಟರ್‌ಗೂ ಹೆಚ್ಚು ವೇಗದಲ್ಲಿ ಓವರ್‌ಟೇಕ್ ಮಾಡಿತು. ಎದುರಾಳಿ ಕಾರು ಅದನ್ನು ಮತ್ತೆ ದಾಟಲು ಹೋಗಿ ಗಿರ್ರನೆ ತಿರುಗಿ ನಿಂತಿತು. 2022ರಲ್ಲೇ ನೇರ ರನ್‌ವೇ ಮೇಲೆ ಪೊಲಿಮೂವ್ ಕಾರು 309 ಕಿಲೋಮೀಟರ್ ವೇಗ ಮುಟ್ಟಿತು.

ನೇರ ದಾರಿಯಲ್ಲಿ ವೇಗ ಮುಟ್ಟುವುದು ಮೆಷಿನ್‌ಗೆ ಕಷ್ಟವೇ ಅಲ್ಲ. ಒಂದೇ ಗೆರೆ ಮೇಲೆ ಹತ್ತು ಲ್ಯಾಪ್, ಬೆರಳಿನಷ್ಟೂ ಆಚೀಚೆ ಆಗದಂತೆ ಹೋಗುವುದೂ ಅದಕ್ಕೆ ಸುಲಭ. ಕಣ್ಣಿಗೆ ಕಂಡದ್ದಕ್ಕೆ ಕೈ ತಿರುಗಿಸಲು ಮನುಷ್ಯನಿಗೆ ಸುಮಾರು 0.2 ಸೆಕೆಂಡ್ ಬೇಕು. ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಆ ಹೊತ್ತಿಗೆ ಕಾರು 17 ಮೀಟರ್ ಹೋಗಿಬಿಟ್ಟಿರುತ್ತದೆ. ಸೆಕೆಂಡಿಗೆ 100 ಸಲ ಲೆಕ್ಕ ಹಾಕುವ ಕಂಪ್ಯೂಟರ್‌ಗೆ ಒಂದು ಲೆಕ್ಕದಿಂದ ಮುಂದಿನ ಲೆಕ್ಕಕ್ಕೆ ಕಾರು ಹೋಗುವುದು ಒಂದು ಮೀಟರ್‌ಗಿಂತ ಕಡಿಮೆ. ಇಷ್ಟು ನೋಡಿದರೆ ಮನುಷ್ಯ ಸೋಲಲೇಬೇಕು, ಅಲ್ವಾ?

ಸೋಲಲಿಲ್ಲ. 2024ರ ಏಪ್ರಿಲ್ 27ರಂದು ಅಬುಧಾಬಿಯ ಯಾಸ್ ಮರೀನಾ ಟ್ರ್ಯಾಕಿನಲ್ಲಿ ಎ2ಆರ್‌ಎಲ್‌ನ ಮೊದಲ ರೇಸ್ ನಡೆಯಿತು. ಫಾರ್ಮುಲಾ ಒನ್‌ನಲ್ಲಿ ಓಡಿಸಿದ್ದ ಡ್ಯಾನಿಲ್ ಕ್ವಿಯಾಟ್ ಅದೇ ತರಹದ ಕಾರಿನಲ್ಲಿ ಕೂತು ಓಡಿಸಿದರು. ಮೆಷಿನ್ ಲ್ಯಾಪಿಗೆ ಸುಮಾರು 10 ಸೆಕೆಂಡ್ ಹಿಂದೆ ಬಿತ್ತು. ರೇಸಿಂಗ್‌ನಲ್ಲಿ ಹತ್ತು ಸೆಕೆಂಡ್ ಅಂದರೆ ಒಂದು ಯುಗ. ಫೈನಲ್ ಇನ್ನೂ ವಿಚಿತ್ರವಾಗಿತ್ತು. ಮುಂದಿದ್ದ ಕಾರು ತಿರುಗಿ ನಿಂತಿತು, ಹಳದಿ ಬಾವುಟ ಬಂತು. ಹಳದಿ ಇರುವಾಗ ಓವರ್‌ಟೇಕ್ ಮಾಡಬಾರದು ಎಂಬುದು ನಿಯಮ. ಹಿಂದಿನ ಕಾರುಗಳು ನಿಯಮವನ್ನು ಅಕ್ಷರಶಃ ಪಾಲಿಸಿದವು, ನಿಂತ ಕಾರಿನ ಹಿಂದೆ ತಾವೂ ನಿಂತವು. ಮನುಷ್ಯನಾಗಿದ್ದರೆ "ಇವನು ಇನ್ನು ಹೋಗುವುದಿಲ್ಲ" ಎಂದು ನೋಡಿದ ಕೂಡಲೇ ತಿಳಿದುಕೊಳ್ಳುತ್ತಿದ್ದ. ಕೊನೆಗೆ ಮತ್ತೆ ಶುರು ಮಾಡಿಸಿ ಮುಗಿಸಿದರು. ಟಿಯುಎಂ ಗೆದ್ದಿತು.

ಅದೇ ವರ್ಷ ನವೆಂಬರ್‌ನಲ್ಲಿ ಜಪಾನಿನ ಸುಝುಕಾದಲ್ಲಿ ಕ್ವಿಯಾಟ್ ಮತ್ತು ಮೆಷಿನ್ ಮತ್ತೆ ಎದುರಾಗಬೇಕಿತ್ತು. ರೇಸ್ ಶುರುವಾಗುವ ಮೊದಲೇ, ಟೈರ್ ಬಿಸಿ ಮಾಡಿಕೊಳ್ಳುವ ಲ್ಯಾಪಿನಲ್ಲೇ ಮೆಷಿನ್‌ನ ಕಾರು ಜಾರಿ ಗೋಡೆಗೆ ಹೊಡೆಯಿತು. ಟೈರ್ ತಣ್ಣಗಿತ್ತು.

ಈ ತಣ್ಣನೆ ಟೈರಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಡೀ ಹೋಲಿಕೆ ಇಲ್ಲೇ ಇದೆ. ರೇಸ್ ಟೈರಿನ ರಬ್ಬರು ಬಿಸಿಯಾದ ಮೇಲೆಯೇ ನೆಲವನ್ನು ಸರಿಯಾಗಿ ಕಚ್ಚುವುದು. ತಣ್ಣಗಿದ್ದರೆ ಅದೇ ತಿರುವಿನಲ್ಲಿ, ಅದೇ ವೇಗದಲ್ಲಿ ಹಿಂಭಾಗ ಜಾರುತ್ತದೆ. ಎಷ್ಟು ಹಿಡಿತ ಇದೆ ಎಂದು ನೇರವಾಗಿ ಅಳೆದು ಹೇಳುವ ಸೆನ್ಸರ್ ಇಲ್ಲ. ಚಕ್ರದ ವೇಗ, ಕಾರು ತಿರುಗುವ ವೇಗ, ಸ್ಟೀರಿಂಗ್ ಕೋನ ಎಲ್ಲ ನೋಡಿ ಕಂಪ್ಯೂಟರ್ ಅಂದಾಜು ಮಾಡಬೇಕು. ಡ್ರೈವರ್ ಕೂಡ ಅಂದಾಜೇ ಮಾಡುವುದು. ಆದರೆ ಅವನ ಸೊಂಟ ಸೀಟಿಗೆ ಅಂಟಿಕೊಂಡಿರುತ್ತದೆ. ಹಿಂಭಾಗ ಜಾರಲು ಶುರುವಾದದ್ದು ಕಣ್ಣಿಗಿಂತ ಮೊದಲು ಸೊಂಟಕ್ಕೆ ಗೊತ್ತಾಗುತ್ತದೆ. ಜೊತೆಗೆ ಅವನು ಜಾರುವ ತನಕ ಕಾಯುವುದೂ ಇಲ್ಲ. ಮೋಡ ಮುಚ್ಚಿದೆ, ಬೆಳಗ್ಗೆ ಮಳೆ ಬಂದಿತ್ತು, ಮುಂದಿನ ಕಾರು ಆ ತಿರುವಿನಲ್ಲಿ ಸ್ವಲ್ಪ ಅಲುಗಾಡಿತು. ಇಷ್ಟು ಸಾಕು, ಕಾಲು ತಾನಾಗಿ ಹಗುರಾಗುತ್ತದೆ. 0.2 ಸೆಕೆಂಡಿನ ಕೊರತೆಯನ್ನು ಮನುಷ್ಯ ತುಂಬಿಸಿಕೊಳ್ಳುವುದು ಹೀಗೆ, ಮುಂಚೆಯೇ ಊಹಿಸಿ.

ನಮ್ಮ ಪುಟ್ಟ ಕಾರಿಗೂ ಇದೇ ಆಗಿತ್ತು. ಕಾಲೇಜಿನ ಕಾರಿಡಾರ್‌ನಲ್ಲಿ ಮೂರು ವಾರ ಓಡಿಸಿ ವೇಗ ಹೊಂದಿಸಿದ್ದೆವು. ತೋರಿಸುವ ದಿನ ಬೆಳಗ್ಗೆ ನೆಲ ಒರೆಸಿದ್ದರು. ಇನ್ನೂ ಒದ್ದೆ ಇತ್ತು. ನಮ್ಮಲ್ಲಿ ಒಬ್ಬರಿಗೂ ಅದು ತಲೆಗೆ ಹೋಗಲಿಲ್ಲ. ಮೊದಲ ತಿರುವಿನಲ್ಲೇ ಕಾರು ಜಾರಿ ಕಂಬಕ್ಕೆ ಹೊಡೆದು ಲಿಡಾರ್ (ಲೇಸರ್‌ನಿಂದ ದೂರ ಅಳೆಯುವ ಸೆನ್ಸರ್) ಕೂರಿಸಿದ್ದ ಪಟ್ಟಿ ಮುರಿಯಿತು. ನಾವೆಲ್ಲ ಅದೇ ನೆಲದ ಮೇಲೆ ಹುಷಾರಾಗಿ ಹೆಜ್ಜೆ ಇಟ್ಟುಕೊಂಡು ಬಂದಿದ್ದೆವು. ನಮ್ಮ ಕಾಲಿಗೆ ಗೊತ್ತಿದ್ದದ್ದನ್ನು ಕಾರಿಗೆ ಹೇಳಿಕೊಟ್ಟಿರಲಿಲ್ಲ.

ಇನ್ನೊಂದು ದೊಡ್ಡ ವ್ಯತ್ಯಾಸ ಪಕ್ಕದಲ್ಲಿ ಬೇರೆ ಕಾರು ಇರುವಾಗ ಕಾಣುತ್ತದೆ. ಸೋನಿ ಕಂಪನಿಯ 'ಸೋಫಿ' ಎಂಬ ಎಐ ಗ್ರಾನ್ ಟುರಿಸ್ಮೊ ಎಂಬ ಕಾರ್ ರೇಸಿನ ವಿಡಿಯೊ ಆಟದಲ್ಲಿ 2021ರ ಜುಲೈನಲ್ಲೇ ಒಬ್ಬಂಟಿ ಲ್ಯಾಪಿನಲ್ಲಿ ಮನುಷ್ಯರಿಗಿಂತ ವೇಗವಾಗಿತ್ತು. ಆದರೆ ತಂಡಗಳ ರೇಸಿನಲ್ಲಿ ಸೋತಿತು. ಅಕ್ಟೋಬರ್ ಹೊತ್ತಿಗೆ ತಿದ್ದಿ ತಂದು 104-52 ಅಂಕಗಳಿಂದ ಗೆದ್ದರು. ಪಕ್ಕದವನಿಗೆ ಎಷ್ಟು ಜಾಗ ಬಿಡಬೇಕು, ಎಲ್ಲಿ ಒತ್ತಡ ಹಾಕಬಹುದು, ಎಲ್ಲಿ ತಳ್ಳಿದರೆ ತಪ್ಪಾಗುತ್ತದೆ, ಇದನ್ನು ಕಲಿಸುವುದು ಲ್ಯಾಪ್ ಸಮಯ ಕಡಿಮೆ ಮಾಡುವುದಕ್ಕಿಂತ ಕಷ್ಟದ ಕೆಲಸ. ಅದೂ ಆಟದ ಒಳಗೆ. ಅಲ್ಲಿ ಎಲ್ಲ ಕಾರೂ ಎಲ್ಲೆಲ್ಲಿದೆ ಎಂದು ಸೋಫಿಗೆ ಕರಾರುವಾಕ್ಕಾಗಿ ಗೊತ್ತಿರುತ್ತದೆ. ನಿಜವಾದ ಟ್ರ್ಯಾಕಿನಲ್ಲಿ ಲಿಡಾರ್, ರೇಡಾರ್, ಕ್ಯಾಮೆರಾ ಕೊಡುವ ಅರೆಬರೆ ಮಾಹಿತಿಯಿಂದಲೇ ಎಲ್ಲ ಲೆಕ್ಕ.

ಮನುಷ್ಯ ನಿಜವಾಗಿ ಸೋತ ಕಡೆಯೂ ಇದೆ. 2023ರಲ್ಲಿ ಜ್ಯೂರಿಕ್ ವಿಶ್ವವಿದ್ಯಾಲಯದ 'ಸ್ವಿಫ್ಟ್' ಎಂಬ ಎಐ ಡ್ರೋನ್ ಮೂವರು ಚಾಂಪಿಯನ್ ಪೈಲಟ್‌ಗಳ ವಿರುದ್ಧ 25 ರೇಸುಗಳಲ್ಲಿ 15 ಗೆದ್ದಿತು. ಅಲ್ಲಿ ಪೈಲಟ್ ಡ್ರೋನ್ ಒಳಗೆ ಕೂತಿರುವುದಿಲ್ಲ, ಪರದೆ ನೋಡಿ ಹಾರಿಸುತ್ತಾನೆ. ಸೊಂಟದ ಮಾತು ಅವನಿಗೂ ಕೇಳಿಸುವುದಿಲ್ಲ. ಮನುಷ್ಯನ ದೊಡ್ಡ ಬಲ ಅಲ್ಲಿಗೆ ಹೊರಟುಹೋಯಿತು ಅನ್ನುವುದು ನನ್ನ ನಂಬಿಕೆ.

ಮೈ ಮತ್ತು ಜೀವ

ಅಕ್ಕನಿಗೆ ಇದೇ ದೊಡ್ಡ ಚಿಂತೆ. ಸರಿಯಾದ ಚಿಂತೆ.

ಫಾರ್ಮುಲಾ ಒನ್ ಡ್ರೈವರ್ ಬ್ರೇಕ್ ಹಾಕುವಾಗ, ತಿರುವಿನಲ್ಲಿ ಮೈಮೇಲೆ ಐದು ಜಿ ಭಾರ ತಡೆಯಬೇಕು. ತಲೆ ಮತ್ತು ಹೆಲ್ಮೆಟ್ ಸೇರಿ ಐದು ಪಟ್ಟು ತೂಕ ಕತ್ತಿನ ಮೇಲೆ. ಬಿಸಿ ಊರಿನ ರೇಸಿನಲ್ಲಿ ಎರಡು ಮೂರು ಕೆಜಿ ಬೆವರಾಗಿ ಇಳಿಯುತ್ತದೆ. ಕಾರ್ಟ್‌ನಲ್ಲೂ ಕಡಿಮೆ ಇಲ್ಲ. ಅದಕ್ಕೆ ಸಸ್ಪೆನ್ಷನ್ನೇ ಇರುವುದಿಲ್ಲ, ನೆಲದ ಪ್ರತಿ ಏಟೂ ಪಕ್ಕೆಲುಬಿಗೆ ಬರುತ್ತದೆ.

ಅಪಾಯ ನಿಜ. 2020ರ ನವೆಂಬರ್‌ನಲ್ಲಿ ಬಹ್ರೇನ್‌ನಲ್ಲಿ ರೊಮೇನ್ ಗ್ರೋಜಾನ್ ಅವರ ಕಾರು ತಡೆಗೋಡೆಗೆ ಹೊಡೆದು ಎರಡು ಹೋಳಾಗಿ ಹೊತ್ತಿಕೊಂಡಿತು. ಅರ್ಧ ನಿಮಿಷದಷ್ಟು ಬೆಂಕಿಯೊಳಗಿದ್ದು ಹೊರಬಂದರು. 2018ರಲ್ಲಿ ಕಡ್ಡಾಯವಾದ 'ಹೇಲೋ' ಎಂಬ ತಲೆ ಕಾಯುವ ಚೌಕಟ್ಟು ಇಲ್ಲದಿದ್ದರೆ ಅವರು ಉಳಿಯುತ್ತಿರಲಿಲ್ಲ. ನಮ್ಮ ಊರಿಗೆ ಹತ್ತಿರದ ನೋವೂ ಇದೆ. 2023ರ ಆಗಸ್ಟ್‌ನಲ್ಲಿ ಬೆಂಗಳೂರಿನ 13 ವರ್ಷದ ಹುಡುಗ ಚೆನ್ನೈ ಟ್ರ್ಯಾಕಿನಲ್ಲಿ ಬೈಕ್ ರೇಸ್ ಓಡಿಸುವಾಗ ಬಿದ್ದು ತೀರಿಕೊಂಡ. ಆ ಸುದ್ದಿ ಬಂದ ವಾರ ಕಾರ್ಟಿಂಗ್ ಟ್ರ್ಯಾಕಿನಲ್ಲಿ ಅಪ್ಪಂದಿರು ಮಾತಾಡದೆ ನಿಂತಿದ್ದರು. ಮಕ್ಕಳನ್ನು ರೇಸಿಗೆ ಬಿಡುವವರು ಇದನ್ನು ತಿಳಿದೇ ಬಿಡಬೇಕು.

ಡ್ರೈವರ್‌ಲೆಸ್ ಕಾರು ಗೋಡೆಗೆ ಹೊಡೆದರೆ ದುಡ್ಡು ಹೋಗುತ್ತದೆ, ಜೀವ ಹೋಗುವುದಿಲ್ಲ. 2020ರ ಅಕ್ಟೋಬರ್‌ನಲ್ಲಿ ರೋಬೋರೇಸ್ ಸ್ಪರ್ಧೆಯ ಒಂದು ಕಾರು ಹೊರಟ ಕೂಡಲೇ ಬಲಕ್ಕೆ ತಿರುಗಿ ಸೀದಾ ಗೋಡೆಗೆ ಹೋಯಿತು. ಸ್ಟೀರಿಂಗ್‌ಗೆ ಸಂಖ್ಯೆ ಹೋಗಬೇಕಾದ ಕಡೆ 'ಇದು ಸಂಖ್ಯೆಯೇ ಅಲ್ಲ' ಎಂಬ ಗುರುತು ಹೋಗಿತ್ತು ಎಂದು ತಂಡದ ಎಂಜಿನಿಯರ್ ಆಮೇಲೆ ವಿವರಿಸಿದರು. ಒಳಗೆ ಯಾರೂ ಇರಲಿಲ್ಲ. ಲೋಕವೆಲ್ಲ ನೋಡಿತು, ತಂಡ ಕಲಿಯಿತು. ನನ್ನ ವಿದ್ಯಾರ್ಥಿಗಳಿಗೆ ಮೊದಲ ವಾರವೇ ಈ ಘಟನೆ ಹೇಳುತ್ತೇನೆ. ಮೋಟಾರಿಗೆ ಹೋಗುವ ಪ್ರತಿ ಸಂಖ್ಯೆಯನ್ನೂ ಕಳಿಸುವ ಮೊದಲು ಪರೀಕ್ಷೆ ಮಾಡಿ, ಅಂತ.

ವಯಸ್ಸು, ದುಡ್ಡು

ಇಲ್ಲಿ ಮುಚ್ಚುಮರೆ ಬೇಡ. ಲೂಯಿಸ್ ಹ್ಯಾಮಿಲ್ಟನ್ ಎಂಟು ವರ್ಷಕ್ಕೆ ಕಾರ್ಟಿಂಗ್ ಶುರು ಮಾಡಿದರು. ಮ್ಯಾಕ್ಸ್ ವರ್ಸ್ಟಾಪನ್ ಐದು ತುಂಬುವ ಮೊದಲೇ ಕಾರ್ಟ್ ಹತ್ತಿ 17ಕ್ಕೆ ಫಾರ್ಮುಲಾ ಒನ್ ಸೇರಿದರು. ಅಕ್ಕನ ಮಗನಿಗೆ ಈಗ ಅದೇ 17. ಫಾರ್ಮುಲಾ ಒನ್ ಅವನಿಗೆ ಇಲ್ಲ. ಇದನ್ನು ಅವನ ಮುಖ ನೋಡಿಯೇ ಹೇಳಿದೆ, ಬೇಜಾರಾದ. ಸುಳ್ಳು ಆಸೆ ಕೊಡುವುದಕ್ಕಿಂತ ಅದೇ ವಾಸಿ.

ಬೆಂಗಳೂರಿನಿಂದ ಆಗುವುದೇ ಇಲ್ಲ ಅಂತಲ್ಲ. ನಮ್ಮ ಊರಿನ ಕುಶ್ ಮೈನಿ 2025ರ ಮೇನಲ್ಲಿ ಮೊನಾಕೊದಲ್ಲಿ, ಫಾರ್ಮುಲಾ ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ 2ರ ಸ್ಪ್ರಿಂಟ್ ರೇಸ್ ಗೆದ್ದರು. ಅವರ ಅಣ್ಣ ಅರ್ಜುನ್ ಮೈನಿ ಕೂಡ ಯುರೋಪಿನಲ್ಲಿ ರೇಸ್ ಓಡಿಸುವವರೇ. ಆದರೆ ಯುರೋಪಿಗೆ ಹೋಗಿ ಒಂದೊಂದೇ ಮೆಟ್ಟಿಲು ಹತ್ತಿ ಫಾರ್ಮುಲಾ 2 ಮುಟ್ಟುವ ಹೊತ್ತಿಗೆ ಹಲವು ಕೋಟಿ ಖರ್ಚಾಗಿರುತ್ತದೆ. ಪ್ರಾಯೋಜಕರು ಸಿಗಬೇಕು, ಇಲ್ಲವೇ ಮನೆಯವರು ಹಾಕಬೇಕು. ಮಧ್ಯಮ ವರ್ಗದ ಮನೆ ಮಾರಿದರೂ ಒಂದು ಸೀಸನ್‌ಗೆ ಸಾಲುವುದು ಕಷ್ಟ. ದಯವಿಟ್ಟು ಮನೆ ಮಾರಬೇಡಿ.

ಲೇಟಾಗಿ ಶುರು ಮಾಡುವವರಿಗೂ ಸ್ಟೀರಿಂಗ್ ಹಿಡಿಯುವ ದಾರಿ ಇದೆ, ಫಾರ್ಮುಲಾ ಒನ್ ಒಂದೇ ರೇಸಿಂಗ್ ಅಲ್ಲ. ದೇಶದೊಳಗೆ ಹೊಸಬರಿಗೆ ಜೆಕೆ ಟೈರ್ ನೋವಿಸ್ ಕಪ್ ಇದೆ, ಮೇಲಕ್ಕೆ ಎಲ್‌ಜಿಬಿ ಫಾರ್ಮುಲಾ 4 ಇದೆ. ರ್‍ಯಾಲಿಯಂತೂ ಕನ್ನಡ ನಾಡಿನದೇ ಆಟ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣು ದಾರಿಯಲ್ಲಿ ರಾಷ್ಟ್ರೀಯ ರ್‍ಯಾಲಿ ಸುತ್ತು ನಡೆಯುತ್ತದೆ. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಕಾರ್ ರ್‍ಯಾಲಿ ಮುಗಿಸಿದ ಮೊದಲ ಭಾರತೀಯರಾದರು. ಬೆಂಗಳೂರಿನವರೇ ಆದ ಐಶ್ವರ್ಯ ಪಿಸ್ಸೆ 2019ರಲ್ಲಿ ಬೈಕಿನಲ್ಲಿ ಮಹಿಳೆಯರ ಬಾಹಾ ವಿಶ್ವಕಪ್ ಗೆದ್ದರು. ಇಬ್ಬರೂ ಇದನ್ನು ಸಾಧಿಸಿದ್ದು ಬೈಕ್ ಮೇಲೆ, ಮಣ್ಣಿನಲ್ಲಿ. ರ್‍ಯಾಲಿಯಲ್ಲಿ ಪಕ್ಕದ ಸೀಟಿನಲ್ಲಿ ಕೂತು ದಾರಿ ಓದಿ ಹೇಳುವ ಕೋ-ಡ್ರೈವರ್ ಕೆಲಸವೂ ಇದೆ. ಲೆಕ್ಕ, ಏಕಾಗ್ರತೆ ಇಷ್ಟಪಡುವವರಿಗೆ ಅದು ಬಹಳ ಒಳ್ಳೆಯ ಬಾಗಿಲು. ಯಾವುದಕ್ಕೆ ಇಳಿದರೂ ದೇಶದ ಮೋಟಾರ್ ಸ್ಪೋರ್ಟ್ಸ್ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಲೈಸೆನ್ಸ್ ಮಾಡಿಸಿಕೊಂಡೇ ಇಳಿಯಿರಿ.

ಡ್ರೈವರ್‌ಲೆಸ್ ಕಡೆ ವಯಸ್ಸಿನ ಅಡ್ಡಿ ಇಲ್ಲವೇ ಇಲ್ಲ. ಅಬುಧಾಬಿ, ಇಂಡಿಯಾನಾಪೊಲಿಸ್‌ನಲ್ಲಿ ಗೆದ್ದ ತಂಡಗಳಲ್ಲಿ ಇದ್ದವರು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಸಂಶೋಧಕರು. ಶುರು ಮಾಡಲು ಲ್ಯಾಪ್‌ಟಾಪ್ ಸಾಕು. ಎಫ್‌ವನ್‌ಟೆಂತ್ ಎಂಬ ಯೋಜನೆ ಇದೆ, ಈಗ ರೋಬೋರೇಸರ್ ಎಂದೂ ಕರೆಯುತ್ತಾರೆ. ನಿಜವಾದ ಕಾರಿನ ಹತ್ತನೇ ಒಂದರಷ್ಟು ಗಾತ್ರದ ಕಾರನ್ನು ಕೋಡ್‌ನಿಂದ ಓಡಿಸುವುದು. ಅದರ ಸಿಮ್ಯುಲೇಟರ್, ಪಾಠ ಎಲ್ಲ ಉಚಿತ. ಕಾರು ಕಟ್ಟಲು ಹೋದರೆ ಖರ್ಚಿದೆ, ಒಳ್ಳೆ ಲಿಡಾರ್ ಒಂದಕ್ಕೇ ಲಕ್ಷ ದಾಟುತ್ತದೆ. ಹಾಗಾಗಿ ಕಾಲೇಜು ಅಥವಾ ನಾಲ್ಕೈದು ಜನರ ತಂಡ ಸೇರಿ ಮಾಡಬೇಕು. ಅಷ್ಟು ಬೇಡ ಅಂದರೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಹಾಕಿದ ಡಾಂಕಿಕಾರ್ ಎಂಬ ಆಟಿಕೆ ಗಾತ್ರದ ಕಾರು ಕಟ್ಟಿ, ಕ್ಯಾಮೆರಾ ಒಂದರಲ್ಲೇ ಓಡಿಸಬಹುದು.

ಇನ್ನೊಂದು ಮಾತು ಅಪ್ಪ ಅಮ್ಮಂದಿರಿಗೆ. ರೇಸಿಂಗ್ ಡ್ರೈವರ್ ಆಗಲು ಹೊರಟು ಅರ್ಧಕ್ಕೆ ನಿಂತರೆ ಆ ಕೌಶಲ್ಯಕ್ಕೆ ಕೆಲಸ ಕೊಡುವವರು ಕಡಿಮೆ. ಡ್ರೈವರ್‌ಲೆಸ್ ರೇಸಿಗೆಂದು ಕಲಿತ ಸಿ ಪ್ಲಸ್ ಪ್ಲಸ್, ಪೈಥಾನ್, ರಾಸ್ (ರೋಬೋಟ್‌ಗಳಿಗೆ ಬಳಸುವ ಸಾಫ್ಟ್‌ವೇರ್), ಕಂಟ್ರೋಲ್ ಸಿಸ್ಟಂ ಇವೆಲ್ಲ ಬಾಷ್, ಮರ್ಸಿಡಿಸ್‌ನಂಥ ಕಂಪನಿಗಳ ಬೆಂಗಳೂರು ಕಚೇರಿಗಳಲ್ಲಿ ದಿನಾ ಬೇಕಾಗುವ ವಿದ್ಯೆ. ಐಐಎಸ್‌ಸಿ, ವಿಪ್ರೋ, ಆರ್‌ವಿ ಎಂಜಿನಿಯರಿಂಗ್ ಕಾಲೇಜು ಸೇರಿ ಮಾಡಿದ ಡ್ರೈವರ್ ಇಲ್ಲದ ಕಾರನ್ನು 2025ರಲ್ಲಿ ಇದೇ ಊರಿನಲ್ಲಿ ತೋರಿಸಿದರು. ಕೇಂದ್ರ ಸಚಿವ ನಿತಿನ್ ಗಡ್ಕರಿ ಅವರು ಡ್ರೈವರ್‌ಗಳ ಕೆಲಸ ಹೋಗುತ್ತದೆ, ಇಂಥ ಕಾರಿಗೆ ದೇಶದಲ್ಲಿ ಜಾಗ ಕೊಡುವುದಿಲ್ಲ ಎಂದು 2023ರಲ್ಲಿ ಹೇಳಿದ್ದಾರೆ. ಆ ಕಾಳಜಿ ನನಗೂ ಅರ್ಥವಾಗುತ್ತದೆ. ಆದರೆ ಇಲ್ಲಿ ಕಲಿತದ್ದು ಬ್ರೇಕಿಂಗ್, ಸುರಕ್ಷತೆ, ಡ್ರೈವರ್‌ಗೆ ನೆರವಾಗುವ ವ್ಯವಸ್ಥೆಗಳಿಗೂ ಹೋಗುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ದಿನಾ ನಿಲ್ಲುವವರಿಗೆ ಅದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ನೋಡುವವರಿಗೆ

ಬರೀ ನೋಡಿ ಖುಷಿಪಡಲು ಅಂದರೆ ಮನುಷ್ಯರ ರೇಸೇ ನೋಡಿ. ಡ್ರೈವರ್‌ಲೆಸ್ ರೇಸಿನಲ್ಲಿ ಯಾಕೆ ಹೀಗಾಯಿತು ಎಂದು ತಿಳಿಯಲು ಕೋಡ್ ಗೊತ್ತಿರಬೇಕು, ಇಲ್ಲದಿದ್ದರೆ ಬೇಗ ಬೋರಾಗುತ್ತದೆ. ಗೊತ್ತಿದ್ದವರಿಗೆ ಮಾತ್ರ ಒಂದು ಲ್ಯಾಪ್‌ನಲ್ಲೇ ನೂರು ಕಥೆ.

ಎಲ್ಲಿಂದ ಶುರು ಮಾಡುವುದು

ಯಾವ ದಾರಿಯಾದರೂ ಮೊದಲ ತಿಂಗಳು ಒಂದೇ ಕೆಲಸ ಮಾಡಿ: ಕಾರ್ಟ್ ಓಡಿಸಿ. ಉತ್ತರ ಬೆಂಗಳೂರಿನ ಮೆಕೊ ಕಾರ್ಟೋಪಿಯಾ ತರಹದ ಸರಿಯಾದ ಟ್ರ್ಯಾಕಿಗೆ ಹೋಗಿ. ಲೇಸ್ ಬಿಗಿಯಾಗಿ ಕಟ್ಟಿದ ಶೂ ಹಾಕಿಕೊಳ್ಳಿ, ದುಪಟ್ಟಾ ಬೇಡ, ಉದ್ದ ಕೂದಲನ್ನು ಕಟ್ಟಿ ಹೆಲ್ಮೆಟ್ ಒಳಗೆ ಸೇರಿಸಿ. ಬೆಳಗ್ಗೆಯ ಮೊದಲ ಸುತ್ತಿಗೇ ಬುಕ್ ಮಾಡಿ. ಆಗ ಟ್ರ್ಯಾಕೂ ತಣ್ಣಗಿರುತ್ತದೆ, ಟೈರೂ ತಣ್ಣಗಿರುತ್ತದೆ. ಕಲಿಯಬೇಕಾದದ್ದೇ ಅದು. ನೈಸ್ ರಸ್ತೆ, ಏರ್‌ಪೋರ್ಟ್ ರಸ್ತೆಯಲ್ಲಿ ರಾತ್ರಿ ವೇಗ ಪರೀಕ್ಷೆ ಮಾಡುವುದು ರೇಸಿಂಗ್ ಅಲ್ಲ. ಅಲ್ಲಿ ಮನೆಗೆ ಹೋಗುತ್ತಿರುವವರು ಇರುತ್ತಾರೆ.

ಆಮೇಲೆ ಎಂಜಿನಿಯರಿಂಗ್ ಸೇರುವವರು ಕಾಲೇಜು ಆರಿಸುವಾಗ ರೇಸಿಂಗ್ ತಂಡ ಇದೆಯಾ ಎಂದು ಕೇಳಿ. ಆರ್‌ವಿ ಕಾಲೇಜಿನ ಅಶ್ವ ರೇಸಿಂಗ್‌ನಂಥ ತಂಡದಲ್ಲಿ ವಿದ್ಯಾರ್ಥಿಗಳೇ ಕಾರು ಕಟ್ಟುತ್ತಾರೆ. ಇಂಥ ತಂಡಗಳು ಕೊಯಮತ್ತೂರಿನ ಕಾರಿ ಸ್ಪೀಡ್‌ವೇಯಲ್ಲಿ ನಡೆಯುವ ಫಾರ್ಮುಲಾ ಭಾರತ್ ಎಂಬ ವಿದ್ಯಾರ್ಥಿಗಳ ಸ್ಪರ್ಧೆಯಲ್ಲಿ ಇಳಿಯುತ್ತವೆ. ಜರ್ಮನಿಯ ಫಾರ್ಮುಲಾ ಸ್ಟೂಡೆಂಟ್ 2017ರಲ್ಲೇ ಡ್ರೈವರ್‌ಲೆಸ್ ವಿಭಾಗ ಶುರು ಮಾಡಿತು. ಎಡಕ್ಕೆ ನೀಲಿ ಕೋನ್, ಬಲಕ್ಕೆ ಹಳದಿ ಕೋನ್ ಇಟ್ಟು, ಮುಂಚೆ ನೋಡಿರದ ಟ್ರ್ಯಾಕಿನಲ್ಲಿ ಕಾರು ತಾನೇ ಹತ್ತು ಲ್ಯಾಪ್ ಹೋಗಬೇಕು. ಒಂದೇ ತಂಡದೊಳಗೆ ಕಾರು ಓಡಿಸುವವರೂ ಕೋಡ್ ಬರೆಯುವವರೂ ಒಟ್ಟಿಗೆ ಗ್ರೀಸ್ ಮೆತ್ತಿಕೊಂಡು ಕೂರುವ ಜಾಗ ಇದೊಂದೇ.

ಅಕ್ಕನ ಮಗನನ್ನು ಸಿಇಟಿ ಮುಗಿದ ಭಾನುವಾರ ಕಾರ್ಟಿಂಗ್‌ಗೆ ಕರೆದುಕೊಂಡು ಹೋದೆ. ಅಕ್ಕನೂ ಬಂದಿದ್ದಳು, ಫೆನ್ಸ್ ಹಿಡಿದು ನಿಂತಿದ್ದಳು. ನಾನು ಬೇಕೆಂದೇ ಟೈರಿನ ಬಗ್ಗೆ ಅವನಿಗೆ ಏನೂ ಹೇಳಿರಲಿಲ್ಲ. ಟ್ರ್ಯಾಕಿನವರು ಮಾತ್ರ ಮೊದಲ ಎರಡು ಲ್ಯಾಪ್ ನಿಧಾನ ಎಂದು ಎಲ್ಲರಿಗೂ ಹೇಳಿದ್ದರು. ನಿಧಾನವಾಗಿಯೇ ಹೋದ. ಎರಡನೇ ತಿರುವಿನಲ್ಲಿ ಹಿಂಭಾಗ ಸ್ವಲ್ಪ ಜಾರಿತು. ಕೈ ಗಾಬರಿಯಾಗಲಿಲ್ಲ, ಕಾಲು ಎತ್ತಿದ, ಕಾರ್ಟ್ ಸರಿಹೋಯಿತು. ಐದನೇ ಲ್ಯಾಪ್ ಹೊತ್ತಿಗೆ ಅದೇ ತಿರುವನ್ನು ಇನ್ನೂ ಜೋರಾಗಿ ತೆಗೆದುಕೊಂಡರೂ ಜಾರಲಿಲ್ಲ. ಇಳಿದ ಮೇಲೆ, "ಮಾಮ, ಮೊದಲು ಜಾರ್ತಿತ್ತು, ಆಮೇಲೆ ಅಂಟ್ಕೊಳ್ತು. ನಾನೇನೂ ಬೇರೆ ಮಾಡ್ಲಿಲ್ಲ" ಅಂದ. ಆಗ ಹೇಳಿದೆ.

ಎರಡು ವಾರ ಬಿಟ್ಟು ರಾತ್ರಿ ಹತ್ತೂವರೆಗೆ ಫೋನ್ ಮಾಡಿದ. ಎಫ್‌ವನ್‌ಟೆಂತ್ ಸಿಮ್ಯುಲೇಟರ್ ಹಾಕಿಕೊಂಡು ಕೂತಿದ್ದ. "ಮಾಮ, ಇದರಲ್ಲಿ ಟೈರ್ ತಣ್ಣಗಿರೋದು ಎಲ್ಲಿದೆ?" ಎಂದು ಕೇಳಿದ. ಎಲ್ಲೂ ಇಲ್ಲ. ಅದರಲ್ಲಿ ನೆಲದ ಹಿಡಿತಕ್ಕೆ ಒಂದೇ ಸಂಖ್ಯೆ ಕೊಟ್ಟಿರುತ್ತಾರೆ, ಮೊದಲ ಲ್ಯಾಪಿನಿಂದ ಕೊನೆಯ ಲ್ಯಾಪಿನವರೆಗೆ ಅದೇ ಇರುತ್ತದೆ. ನಮ್ಮ ಶನಿವಾರದ ಮಕ್ಕಳಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಈಗ ಅವನು ಆ ಸಂಖ್ಯೆ ಕಡಿಮೆಯಿಂದ ಶುರುವಾಗಿ ಲ್ಯಾಪ್ ಲ್ಯಾಪಿಗೂ ಏರುವ ಹಾಗೆ ಕೋಡ್ ತಿದ್ದುತ್ತಿದ್ದಾನೆ. ಕಾರು ಮೂರನೇ ತಿರುವು ಇನ್ನೂ ದಾಟಿಲ್ಲ.